ಉಸಿರುಗಟ್ಟಿದ ಕೆರೆಗೆ ಯಾರು ಹೊಣೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ತಾವರಗೇರಾ ಎಂಬ ಹೆಸರು ಕೇಳಿದೊಡನೆ ತಾವರೆಯೂ ಕೆರೆಯೂ ಕಣ್ಣ ಮುಂದೆ ನಿಲ್ಲುತ್ತವೆ. ತಾವರೆ ಬೇರೂರುವ ಕಪ್ಪು ಕೆಸರಿನಲ್ಲಿ ಆಮ್ಲಜನಕವಿಲ್ಲ. ಆದ್ದರಿಂದಲೇ ಅದು ದಂಟಿನೊಳಗಿನ ಕೊಳವೆಗಳ ಮೂಲಕ ಎಲೆಯಿಂದ ಗೆಡ್ಡೆಗೆ ಗಾಳಿಯನ್ನು ಇಳಿಸಿಕೊಂಡು ಬದುಕುತ್ತದೆ. ಅದೇ ಕೆಸರಿನಲ್ಲಿ ಗಾಳಿಯ ಹಂಗೇ ಇಲ್ಲದ ಅಸಂಖ್ಯ ಸೂಕ್ಷ್ಮಜೀವಿಗಳು ಬಾಳುತ್ತವೆ.

ಅವು ಭೂಮಿಯ ಮೊದಲ ಒಕ್ಕಲು. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ಹೆಚ್ಚತೊಡಗಿದಾಗ ಅವು ಗಾಳಿ ತಾಗದ ಎಡೆಗಳಿಗೆ ಸರಿದವು. 1776ರಲ್ಲಿ ಇಟಲಿಯ ವೋಲ್ಟಾ ಸರೋವರದ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ಸಂಗ್ರಹಿಸಿ ಹೊತ್ತಿಸಿದ. ಅದೇ ಮೀಥೇನ್. ಆಮ್ಲಜನಕವಿಲ್ಲದೆಯೂ ಜೀವವಿರಬಲ್ಲದೆಂದು 1861ರಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ.

ಮಲೆನಾಡಿನ ಮನೆಗಳಿಗೆ ಈ ಜೀವಿಗಳು ಅಪರಿಚಿತವಲ್ಲ. ಗೋಬರ್ ಗ್ಯಾಸ್ ಗುಂಡಿಗೆ ಸಗಣಿ ಸುರಿದರೆ ಒಲೆಗೆ ಉರಿಯನ್ನೂ ತೋಟಕ್ಕೆ ಗೊಬ್ಬರವನ್ನೂ ಕೊಡುವ ಕೆಲಸಗಾರರು ಅವೇ. ಆದರೆ ಆ ಗುಂಡಿ ಮುಚ್ಚಿರಬೇಕು. ಕೆರೆಗೆ ಮುಚ್ಚಳವುಂಟೇ?

ಊರಿನ ಚರಂಡಿಯನ್ನು ಕೆರೆಗೆ ತಿರುಗಿಸಿದಾಗ ಕೊಳಕನ್ನು ಕೊಳೆಸುವುದರಲ್ಲೇ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ. ಮೀನು ಸಾಯುತ್ತದೆ, ತಳದ ಜೀವಿಗಳು ಮೇಲಿನವರೆಗೂ ರಾಜ್ಯವಾಳುತ್ತವೆ. ಒಲೆಯಲ್ಲಿ ಉರಿಯಬೇಕಾಗಿದ್ದ ಮೀಥೇನ್ ಬಯಲಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿತ್ತು. 2017ರಲ್ಲಿ ಮತ್ತೆ ಬಿತ್ತು. ಯಾರೋ ಕಡ್ಡಿ ಗೀರಿದರೆಂದು ಕೆಲವರು, ಮೀಥೇನೇ ಹೊತ್ತಿತೆಂದು ಕೆಲವರು ವಾದಿಸಿದರು. ಕಡ್ಡಿ ಯಾರದಾದರೇನು? ಉರುವಲನ್ನು ಕೂಡಿಟ್ಟದ್ದು ನಗರದ ಕೊಳಚೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು. ಅದು ಸೂಕ್ಷ್ಮಜೀವಿಗಳ ಮೇಲಿನ ತೀರ್ಪಲ್ಲ, ಆಡಳಿತದ ಮೇಲಿನ ತೀರ್ಪು.

ಇದಕ್ಕಿಂತ ಘೋರವಾದುದು ಇನ್ನೊಂದಿದೆ. ಮಲದ ಗುಂಡಿಗಳಲ್ಲಿ ಇದೇ ಕೊಳೆಯುವಿಕೆಯಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಮನುಷ್ಯರನ್ನು ಅದರೊಳಗೆ ಇಳಿಸುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದ ಬಳಿಕವೂ ಸಾವುಗಳು ನಿಂತಿಲ್ಲ. ಸತ್ತವರಲ್ಲಿ ಬಹುಪಾಲು ದಲಿತರು. ಇದನ್ನು ಅಪಘಾತವೆಂದು ಕರೆಯುವುದು ಆತ್ಮವಂಚನೆ.

ಬಯಲುಸೀಮೆಯಲ್ಲಿ ಕೆರೆಯೆಂದರೆ ಅಲಂಕಾರವಲ್ಲ, ಅಂತರ್ಜಲದ ತಾಯಿ. ಬೆಂಗಳೂರು ಮಾಡಿದ ತಪ್ಪನ್ನು ತಾವರಗೇರಾದಂಥ ಊರುಗಳು ಮಾಡಬೇಕಾಗಿಲ್ಲ. ಕೊಳಚೆ ಕೆರೆಗೆ ತಲುಪುವ ಮೊದಲೇ ಶುದ್ಧವಾಗಬೇಕು; ಹಸಿ ಕಸ ಮುಚ್ಚಿದ ಗುಂಡಿಯಲ್ಲಿ ಅನಿಲವಾಗಬೇಕು; ಮಲದ ಗುಂಡಿಗೆ ಯಂತ್ರ ಇಳಿಯಬೇಕು, ಮನುಷ್ಯನಲ್ಲ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ. ಘಟ್ಟದ ಮೇಲಿನ ಹಳ್ಳಿಯ ಕೊಟ್ಟಿಗೆ ಬಲ್ಲದ್ದನ್ನು ಪಟ್ಟಣದ ಕಚೇರಿ ಕಲಿತರೆ ಸಾಕು. ಕಲಿಯುವವರೆಗೂ ಜನ ಕೇಳುತ್ತಲೇ ಇರಬೇಕು.