ಸಹಿ ಹಾಕಿಸಿಕೊಂಡೆವು, ಮಾತು ಕೇಳಿಸಿಕೊಳ್ಳಲಿಲ್ಲ



ಹೋದ ವರ್ಷದ ತಪಸ್ಸುಕಾಲ ನಿಮಗೆ ನೆನಪಿರಬಹುದು. ವಿಭೂತಿ ಬುಧವಾರದ ಪೂಜೆ ಮುಗಿಯುತ್ತಿದ್ದಂತೆ ನಾವು ಕಂಗ್ಟಿಯ ಯುವಕ ಯುವತಿಯರು ಒಂದು ನೋಟುಬುಕ್ಕು ಹಿಡಿದು ದೇವಾಲಯದ ಬಾಗಿಲಲ್ಲಿ ನಿಂತೆವು. ಪಾಸ್ಕ ಹಬ್ಬದ ತನಕ ಶಿಂದಿ ಮುಟ್ಟುವುದಿಲ್ಲ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ಹೆಂಡತಿ ಮಕ್ಕಳ ಎದುರಿಗೆ ಪೆನ್ನು ಕೈಗೆ ಕೊಟ್ಟರೆ ಯಾರು ತಾನೇ ಬೇಡ ಎನ್ನುತ್ತಾರೆ? 23 ಜನ ಸಹಿ ಹಾಕಿದರು. ನಮಗೆ ಬಹಳ ಹೆಮ್ಮೆಯಾಯಿತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆವು.

ಮೂರನೇ ದಿನ ಸಹಿ ಹಾಕಿದವರಲ್ಲಿ ಒಬ್ಬ ಕಾಕಾಗೆ ಕೈಕಾಲು ನಡುಗಲು ಶುರುವಾಯಿತು. ರಾತ್ರಿ ಗೋಡೆಯ ಮೇಲೆ ಏನೇನೋ ಓಡಾಡಿದಂತೆ ಕಂಡು ಕೂಗಿದರಂತೆ. ಬೆಳಗಿನ ಜಾವ ಫಿಟ್ಸ್ ಬಂತು. ಆಟೋದಲ್ಲಿ ಹಾಕಿಕೊಂಡು ನಾರಾಯಣಖೇಡಕ್ಕೆ ಓಡಿದರು. ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಒಮ್ಮೆಗೇ ಬಿಡಲು ಇವರಿಗೆ ಹೇಳಿದವರು ಯಾರು?"

ಹೇಳಿದವರು ನಾವೇ.

ನಮ್ಮ ಕಡೆ ಶಿಂದಿ ಎನ್ನುವುದನ್ನು ತೆಲುಗಿನವರು ಕಲ್ಲು ಎನ್ನುತ್ತಾರೆ. (ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತ ನಮಗೆ ಈ ಪದ ಚಿಕ್ಕಂದಿನಿಂದ ನಗುವಿನ ವಿಷಯ.) ಹಿಂದೆ ಅದು ಈಚಲು ಮರದಿಂದ ಇಳಿಸಿದ ರಸವೇ ಆಗಿತ್ತು. ಈಗ ಅನೇಕ ಕಡೆ ಅದರಲ್ಲಿ ಅಲ್ಪ್ರಾಜೋಲಾಂ, ಡಯಾಜಿಪಾಂ, ಕ್ಲೋರಲ್ ಹೈಡ್ರೇಟ್ ಕಲಸುತ್ತಾರೆ. ಇವು ನಿದ್ದೆಗೆ, ಆತಂಕಕ್ಕೆ ಕೊಡುವ ಔಷಧಿಗಳು. ದಿನವೂ ಕುಡಿದ ದೇಹ ಅವಕ್ಕೆ ಒಗ್ಗಿಹೋಗುತ್ತದೆ, ಒಮ್ಮೆಗೇ ನಿಲ್ಲಿಸಿದರೆ ತಿರುಗಿಬೀಳುತ್ತದೆ. 2015ರಲ್ಲಿ ಸರ್ಕಾರ ಕಲಬೆರಕೆಯ ಮೇಲೆ ಬಿಗಿ ಮಾಡಿದಾಗ ನಿಜಾಮಾಬಾದ್ ಮತ್ತು ಅಂದಿನ ನಮ್ಮ ಮೆದಕ್ ಜಿಲ್ಲೆಯ ಎಷ್ಟೋ ಜನ ಹೀಗೆಯೇ ನಡುಗುತ್ತ, ಬಡಬಡಿಸುತ್ತ ದವಾಖಾನೆ ಸೇರಿದ್ದರು. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಸಾಲು ನಿಂತಿತ್ತು. ಇದೆಲ್ಲ ನಮ್ಮ ಮನೆಗಳ ಹತ್ತಿರವೇ ನಡೆದದ್ದು. ಆದರೂ ನೋಟುಬುಕ್ಕು ಹಿಡಿದ ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

ಕಾಕಾ ಉಳಿದರು. ದೇವರ ದಯೆ, ಡಾಕ್ಟರರ ಕೈಗುಣ. ಆದರೆ ಮನೆಗೆ ಬಂದ ಮೇಲೆ ಪೂಜೆಗೆ ಬರುವುದನ್ನೇ ನಿಲ್ಲಿಸಿದರು. ನಾವು ನಾಲ್ವರು ಹೋಗಿ ಅರ್ಧ ಗಂಟೆ ಬುದ್ಧಿ ಹೇಳಿದೆವು. ಲಿವರ್ ಹಾಳಾಗುತ್ತದೆ, ಮನೆ ಹಾಳಾಗುತ್ತದೆ, ಆತ್ಮ ಹಾಳಾಗುತ್ತದೆ ಎಂದೆವು. ಅವರು ತಲೆ ಬಗ್ಗಿಸಿ ಕೇಳಿದರು. ನಾವು ಎದ್ದು ಹೊರಟಾಗ ಒಂದೇ ಮಾತು ಅಂದರು, "ನೀವು ಸಹಿ ಮಾಡಿಸ್ಕೊಂಡ್ರಿ ತಮ್ಮಾ, ನನ್ನ ಮಾತು ಒಂದೂ ಕೇಳ್ಲಿಲ್ಲ."

ಆ ಮಾತು ನಮ್ಮನ್ನು ಬಿಡಲಿಲ್ಲ. ಹೈದರಾಬಾದಿನಲ್ಲಿ ಎಂ.ಎಸ್.ಡಬ್ಲ್ಯೂ ಓದುವ ನಮ್ಮ ಒಬ್ಬ ಅಕ್ಕ ರಜೆಗೆ ಬಂದಾಗ ಇದನ್ನೆಲ್ಲ ಹೇಳಿಕೊಂಡೆವು. ಅವರು ನಮ್ಮನ್ನು ಬೈಯಲಿಲ್ಲ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಕತೆ ಹೇಳಿದರು. ನಮ್ಮ ಇಂದಿನ ಅಭಿಪ್ರಾಯ ಹುಟ್ಟಿದ್ದು ಅಲ್ಲಿಂದ.

ಮಿಲ್ಲರ್ ಹುಟ್ಟಿದ್ದು 1947ರಲ್ಲಿ. ಇನ್ನೂ ಪಿಎಚ್‌.ಡಿ. ಮಾಡುತ್ತಿದ್ದ ಕಾಲದಲ್ಲಿ ತರಬೇತಿಗೆಂದು ಮಿಲ್ವಾಕಿಯ ಒಂದು ಆಸ್ಪತ್ರೆಗೆ ಹೋದರು. ಅಲ್ಲಿಯ ಕುಡಿತದ ವಾರ್ಡಿನಲ್ಲಿ ಕೆಲಸ ಮಾಡೆಂದರು. ಕುಡಿತದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಉಪದೇಶ ಮಾಡಲು ಬರಲಿಲ್ಲ. ರೋಗಿಗಳ ಪಕ್ಕ ಕೂತು ನಿಮ್ಮ ಜೀವನ ಹೇಗೆ ಇಲ್ಲಿಗೆ ಬಂತು ಎಂದು ಕೇಳಿದರು, ಅವರು ಹೇಳುತ್ತ ಹೋದರು. ಕುಡುಕರು ಸುಳ್ಳರು, ಮೊಂಡರು, ಗದರಿಸದಿದ್ದರೆ ದಾರಿಗೆ ಬರುವುದಿಲ್ಲ ಎಂಬ ಪಾಠ ಅವರ ಕಿವಿಗೆ ಬಿದ್ದದ್ದು ಆಮೇಲೆ. ತಾವು ಕಂಡ ಮನುಷ್ಯರಿಗೂ ಆ ಪಾಠಕ್ಕೂ ತಾಳೆಯಾಗಲಿಲ್ಲ.

1976ರಲ್ಲಿ ಅವರು ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯ ಸೇರಿದರು, 2006ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಇದ್ದರು. 1980ರಲ್ಲಿ ಅವರೂ ಜೊತೆಗಾರರೂ ಪ್ರಕಟಿಸಿದ ಒಂದು ಅಧ್ಯಯನ ನಮಗೆ ತುಂಬ ಹಿಡಿಸಿತು. ಒಂಬತ್ತು ಸಲಹೆಗಾರರಿದ್ದರು. ಎಲ್ಲರೂ ಕಲಿತ ವಿಧಾನ ಒಂದೇ. ಆದರೆ ಯಾರ ಹತ್ತಿರ ಹೋದವರು ಕುಡಿತ ತಗ್ಗಿಸಿದರು, ಯಾರ ಹತ್ತಿರ ಹೋದವರು ತಗ್ಗಿಸಲಿಲ್ಲ ಎಂದು ನೋಡಿದರೆ ಭಾರೀ ವ್ಯತ್ಯಾಸ. ಆರು ತಿಂಗಳ ನಂತರದ ಆ ವ್ಯತ್ಯಾಸದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು, ಎದುರಿನವನ ಮಾತನ್ನು ಅರ್ಥಮಾಡಿಕೊಂಡು ಕೇಳುವ ಗುಣಕ್ಕೆ ಹೊಂದುತ್ತಿತ್ತು. ಇನ್ನೊಂದು ಗುಂಪಿಗೆ ಸಲಹೆಗಾರರೇ ಇಲ್ಲ, ಒಂದು ಪುಸ್ತಕ ಕೊಟ್ಟು ಮನೆಗೆ ಕಳಿಸಿದ್ದರು. ಅವರೂ ಸರಾಸರಿಯಲ್ಲಿ ಅಷ್ಟೇ ಸುಧಾರಿಸಿದ್ದರು. ಅಂದರೆ ಕೇಳಿಸಿಕೊಳ್ಳದ ಸಲಹೆಗಾರನ ಮುಂದೆ ಕೂರುವುದಕ್ಕಿಂತ ಮನೆಯಲ್ಲಿ ಪುಸ್ತಕ ಓದುವುದೇ ವಾಸಿ. ಇದನ್ನು ಓದಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

1982ರಲ್ಲಿ ಮಿಲ್ಲರ್ ನಾರ್ವೆಗೆ ಹೋದರು. ಅಲ್ಲಿಯ ಯುವ ಮನಶ್ಶಾಸ್ತ್ರಜ್ಞರು ರೋಗಿಯಂತೆ ನಟಿಸುವುದು, ಇವರು ಮಾತನಾಡಿ ತೋರಿಸುವುದು. ನಡುನಡುವೆ ತಡೆದು, ಈಗ ಆ ಪ್ರಶ್ನೆಯನ್ನೇ ಯಾಕೆ ಕೇಳಿದಿರಿ, ಬೇರೆಯದು ಯಾಕಲ್ಲ ಎಂದು ಕೆದಕಿದರು. ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬರೆದದ್ದೇ 1983ರ ಲೇಖನವಾಯಿತು. ಆಮೇಲೆ ಬ್ರಿಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರೋಲ್ನಿಕ್ ಜೊತೆಗೂಡಿ 1991ರಲ್ಲಿ ಪುಸ್ತಕ ತಂದರು. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂದು ಅದರ ಹೆಸರು. ನಾವು ನಮ್ಮೊಳಗೆ ಅದನ್ನು ಪ್ರೇರಣೆಯ ಮಾತುಕತೆ ಎಂದು ಕರೆದುಕೊಂಡಿದ್ದೇವೆ.

ಅದರ ತಿರುಳು ಕಷ್ಟದ್ದಲ್ಲ. ಕುಡಿಯುವವನ ಮನಸ್ಸಿನಲ್ಲಿ ಎರಡು ದನಿಗಳಿರುತ್ತವೆ. ಒಂದು ಬಿಡು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ. ನಾವು ಹೋಗಿ ಬಿಡು ಬಿಡು ಎಂದು ಕೂಗಿದರೆ ಆ ಪಾತ್ರವನ್ನು ನಾವೇ ಕಸಿದುಕೊಂಡಂತೆ. ಅವನಿಗೆ ಉಳಿಯುವುದು ಬೇಡ ಎನ್ನುವ ಪಾತ್ರ ಮಾತ್ರ. ತನ್ನ ಬಾಯಿಂದ ತಾನೇ ಕೇಳಿಸಿಕೊಂಡ ಮಾತನ್ನು ಮನುಷ್ಯ ನಂಬುತ್ತಾನೆ. 1993ರಲ್ಲಿ ಮಿಲ್ಲರ್ ತಂಡ ಇದನ್ನೂ ಪರೀಕ್ಷಿಸಿತು. ಸಲಹೆಗಾರ ಎಷ್ಟು ಹೆಚ್ಚು ಎದುರುಹಾಕಿಕೊಂಡು ಮಾತನಾಡಿದ್ದನೋ, ಒಂದು ವರ್ಷದ ನಂತರ ಆ ವ್ಯಕ್ತಿ ಅಷ್ಟು ಹೆಚ್ಚು ಕುಡಿಯುತ್ತಿದ್ದ.

ಇದು ಅಮೆರಿಕದ ಮಾತು, ನಮ್ಮ ಹಳ್ಳಿಗೆ ಒಗ್ಗುತ್ತದೆಯೇ ಎಂದು ಕೆಲವರು ಕೇಳಿದರು. ಗೋವಾದಲ್ಲಿ ಒಗ್ಗಿದೆ. ಅಲ್ಲಿಯ ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮುಂತಾದವರು ಇದೇ ತಳಹದಿಯ ಮೇಲೆ ಒಂದು ಚಿಕಿತ್ಸೆ ಕಟ್ಟಿದರು. ಅದನ್ನು ಕೊಟ್ಟವರು ಡಾಕ್ಟರರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನ, ಕೂತದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. ಒಬ್ಬೊಬ್ಬರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಮಾತುಕತೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು. ಮೂರು ತಿಂಗಳಲ್ಲಿ ಅಪಾಯದ ಕುಡಿತದಿಂದ ಹೊರಬಂದವರು ಈ ಮಾತುಕತೆ ಸಿಕ್ಕವರಲ್ಲಿ 100ಕ್ಕೆ 36, ಸಿಗದವರಲ್ಲಿ 26. ಪವಾಡವಲ್ಲ, ಒಪ್ಪುತ್ತೇವೆ. 64 ಜನ ಉಳಿದೇ ಇದ್ದಾರೆ. ಆದರೆ ಕಂಗ್ಟಿಯ ನೂರು ಮನೆಗಳಲ್ಲಿ ಹತ್ತು ಮನೆ ಹೆಚ್ಚು ಸುಧಾರಿಸಿದರೂ ಸಣ್ಣದೇ?

ಈಗ ನಮ್ಮ ಹಿರಿಯರ ಆಕ್ಷೇಪಣೆಗೆ ಬರುತ್ತೇವೆ. ಪಾಪವನ್ನು ಪಾಪ ಎನ್ನದೆ ಮೆತ್ತಗೆ ಮಾತನಾಡಿದರೆ ಕುಡಿತಕ್ಕೆ ಲೈಸೆನ್ಸ್ ಕೊಟ್ಟ ಹಾಗಲ್ಲವೇ ಎಂದು ಅವರು ಕೇಳುತ್ತಾರೆ. ಅವರ ಕಾಳಜಿ ಸುಳ್ಳಲ್ಲ. ಶಿಂದಿಯಿಂದ ಒಡೆದ ಮನೆಗಳನ್ನು ನಮಗಿಂತ ಹೆಚ್ಚು ಕಂಡವರು ಅವರು. ಹೆಂಡತಿ ಮಕ್ಕಳಿಗೆ ಹೊಡೆಯುವವನ ಮುಂದೆ ಸುಮ್ಮನೆ ಕೂತು ಕೇಳಿ ಎಂದು ನಾವೂ ಹೇಳುವುದಿಲ್ಲ, ಅಲ್ಲಿ ಮೊದಲು ಅವರನ್ನು ಕಾಪಾಡಬೇಕು. ಆದರೆ ಕುಡಿಯುವವನಿಗೆ ಇದು ಕೆಟ್ಟದ್ದೆಂದು ಗೊತ್ತಿಲ್ಲ ಎಂದು ಭಾವಿಸುವುದು ತಪ್ಪು. ಕಾಕಾಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಬೆತ್ಸಥಾ ಕೊಳದ ದಡದಲ್ಲಿ ಬಿದ್ದಿದ್ದ, 38 ವರ್ಷದಿಂದ ರೋಗಿಯಾಗಿದ್ದವನ ಹತ್ತಿರ ಯೇಸುಸ್ವಾಮಿ ಬಂದಾಗ ಮೊದಲು ಮಾಡಿದ್ದು ಉಪದೇಶವಲ್ಲ. ಗುಣವಾಗಲು ನಿನಗೆ ಇಷ್ಟವಿದೆಯೇ ಎಂದು ಕೇಳಿದರು. ಆ ಮನುಷ್ಯ ನೇರ ಉತ್ತರ ಕೊಡದೆ ತನ್ನ ಕಷ್ಟ ಹೇಳಿಕೊಂಡ, ಅದನ್ನೂ ಕೇಳಿಸಿಕೊಂಡರು. ಇನ್ನು ಪಾಪ ಮಾಡಬೇಡ ಎಂಬ ಎಚ್ಚರಿಕೆ ಬಂದದ್ದು ಆಮೇಲೆ, ಅವನು ಎದ್ದು ನಡೆದ ಮೇಲೆ.

ಅಕ್ಕ ಹೇಳಿಕೊಟ್ಟಂತೆ ನಾವು ಇಬ್ಬರು ಮತ್ತೆ ಕಾಕಾ ಮನೆಗೆ ಹೋದೆವು. ಒಂದೇ ಪ್ರಶ್ನೆ ಕೇಳಿದೆವು, "ಕಾಕಾ, ಶಿಂದಿ ಕುಡಿದ್ರ ನಿಮಗ ಏನು ಆರಾಮ ಸಿಗ್ತದ?" ಅವರು ಬಹಳ ಹೊತ್ತು ಸುಮ್ಮನಿದ್ದರು. "ಹುಡುಗ ಹೋದ ಮ್ಯಾಲ ರಾತ್ರಿ ನಿದ್ದಿ ಇಲ್ಲ. ಕುಡಿದ್ರ ಬರ್ತದ." ಆ ಮಗನ ಮಣ್ಣಿಗೆ ನಾವೂ ಹೋಗಿದ್ದೆವು. ಅದಾದ ಮೇಲೆ ನಿದ್ದೆ ಬರುತ್ತದೆಯೇ ಎಂದು ಒಬ್ಬರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ, ನಾವು ಕೇಳದೆಯೇ, ಇನ್ನೊಂದು ಮಾತು ಬಂತು, "ಮೊಮ್ಮಗಳು ಬಾಯಿ ವಾಸನಿ ಅಂತ ಹತ್ರ ಬರಂಗಿಲ್ಲ." ಎರಡನೇ ದನಿ ಅದೇ. ಅದನ್ನು ನಾವು ಹೇಳಿದ್ದರೆ ಅವರು ತಲೆ ಬಗ್ಗಿಸುತ್ತಿದ್ದರು, ಅಷ್ಟೆ.

ಈಗ ಡಾಕ್ಟರು ಗುಳಿಗೆ ಕೊಟ್ಟು ಹಂತಹಂತವಾಗಿ ತಗ್ಗಿಸುತ್ತಿದ್ದಾರೆ. ಸಂತೆಯ ದಿನ ಒಮ್ಮೊಮ್ಮೆ ಜಾರುತ್ತಾರೆ. ಜಾರಿದ ದಿನ ಅವರೇ ಹೇಳುತ್ತಾರೆ. ಇದನ್ನೆಲ್ಲ ಬರೆಯಲು ಅವರ ಒಪ್ಪಿಗೆ ಪಡೆದಿದ್ದೇವೆ. ಹೆಸರು ಮಾತ್ರ ಬೇಡ ಅಂದರು.

ಆದ್ದರಿಂದ ಈ ತಪಸ್ಸುಕಾಲದಲ್ಲಿ ನೋಟುಬುಕ್ಕು ಬೇಡ ಎಂದು ನಾವು ಗುರುಗಳಲ್ಲಿ ವಿನಂತಿಸಿದ್ದೇವೆ. ದಿನವೂ ಕುಡಿಯುವವರು ಯಾರೂ ಡಾಕ್ಟರರನ್ನು ಕೇಳದೆ ಒಮ್ಮೆಗೇ ನಿಲ್ಲಿಸಬಾರದು, ಇದನ್ನು ಪೂಜೆಯ ನಂತರ ಪ್ರಕಟಣೆಯಲ್ಲಿ ಓದಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿದರೆ ಹಣವಿಲ್ಲದೆ ಮಾತನಾಡಬಹುದು, ಕನ್ನಡದಲ್ಲೂ ತೆಲುಗಿನಲ್ಲೂ. ಆ ಸಂಖ್ಯೆಯನ್ನು ದೇವಾಲಯದ ಬಾಗಿಲಿಗೆ ಅಂಟಿಸೋಣ. ಇನ್ನು ನಮಗೆ ಆರು ಜನ ಬೇಕು. ಭಾನುವಾರ ಪೂಜೆಯಾದ ಮೇಲೆ ಒಂದು ಗಂಟೆ ಜೋಡಿಜೋಡಿಯಾಗಿ ಕೂತು ಅಭ್ಯಾಸ ಮಾಡುತ್ತೇವೆ. ಒಬ್ಬರು ತಮ್ಮ ಕಷ್ಟ ಹೇಳುವುದು, ಇನ್ನೊಬ್ಬರು ಸಲಹೆ ಕೊಡದೆ ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ಹೋದ ವಾರ ಮಾಡಿ ನೋಡಿದೆವು. ಎರಡು ನಿಮಿಷ ಸಲಹೆ ಕೊಡದೆ ಇರಲು ನಮ್ಮಲ್ಲಿ ಒಬ್ಬರಿಗೂ ಆಗಲಿಲ್ಲ. ಬರುವ ಭಾನುವಾರ ಮತ್ತೆ ಕೂರುತ್ತೇವೆ, ನೀವೂ ಬನ್ನಿ.