ಲ್ಯಾಗ್ ಬಂದ್ರ ನೆಟ್ಟಿಗೇ ಬೈಬ್ಯಾಡ್ರಿ

ಹುಬ್ಬಳ್ಳಿಯ ನಮ್ಮ ಮನೆಯ ಹಳೇ ಪಿಸಿಯಲ್ಲೇ ಮೈನ್‌ಕ್ರಾಫ್ಟ್ ಸರ್ವರ್ ಓಡುತ್ತದೆ. ಕೆಲಸಕ್ಕಂತ ಬೆಂಗಳೂರು, ಪುಣೆ ಸೇರಿದ ಗೆಳೆಯರು ರಾತ್ರಿ ಕೂಡೋದು ಅಲ್ಲೇ. ಲ್ಯಾಗ್ ಶುರುವಾದ ಮ್ಯಾಲೆ ಒಬ್ಬೊಬ್ಬರೇ ಬರೋದು ಬಿಟ್ಟರು. ‘ನಿಮ್ಮನಿ ನೆಟ್ ಸರಿ ಇಲ್ಲಲೇ’ ಅಂದ್ರು.

ಎಲ್ಲರ ಪಿಂಗ್ ನೋಡಿದೆ, ಚಲೋನೇ ಇತ್ತು. ಅಂದರೆ ತೊಂದರೆ ನೆಟ್ಟಿನದಲ್ಲ, ಪಿಸಿಯದು. ಈ ಆಟ ಸೆಕೆಂಡಿಗೆ 20 ಟಿಕ್ ಓಡಬೇಕು. ಒಂದು ಟಿಕ್‌ಗೆ ಸಿಗೋದು 50 ಮಿಲಿಸೆಕೆಂಡ್. ಕೆಲಸ ಅದನ್ನು ಮೀರಿದರೆ ನೆಟ್ ಎಷ್ಟೇ ಜೋರಿದ್ರೂ ಆಟ ಕುಂಟತೈತಿ. ‘ಸ್ಪಾರ್ಕ್’ ಅನ್ನೋ ಉಚಿತ ಪ್ರೊಫೈಲರ್ ಹಚ್ಚಿದೆ. ಸಮಯ ನುಂಗುತ್ತಿದ್ದದ್ದು ಒಂದೇ ಫಾರ್ಮಿನ ನೂರಾರು ಕೋಳಿ! ಕೋಳಿ ಕಡಿಮೆಯಾದವು, ಆಟ ಸರಾಗವಾಯಿತು.

ನೀವೂ ಹಿಂಗ ನೋಡ್ರಿ: ಒಬ್ಬರಿಗಷ್ಟೇ ಲ್ಯಾಗ್ ಇದ್ದು ಪಿಂಗ್ ಜಾಸ್ತಿ ಇದ್ದರೆ, ಅವರು ವೈಫೈ ಬಿಟ್ಟು ಕೇಬಲ್ ಹಚ್ಚಲಿ. ಪಿಂಗ್ ಕಡಿಮೆ ಇದ್ದೂ ಎಲ್ಲರಿಗೂ ಒಮ್ಮೆಗೇ ಲ್ಯಾಗ್ ಆದರೆ, ಟಿಕ್ ಎಣಿಸ್ರಿ.