ಅಟ್ಟದ ಮೇಲಿನ ಲೆಕ್ಕ

ಪೀಣ್ಯದಲ್ಲಿ ಪುಟ್ಟದೊಂದು ವರ್ಕ್‌ಶಾಪ್ ಇಟ್ಟುಕೊಂಡಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ‘ದೊಡ್ಡ ಕಂಪನಿಗಳಿಗೆ ಮುಂದಿನ ಐದು ವರ್ಷ ಏನು ಮಾಡಬೇಕೆಂದು ಹೇಳಿಕೊಡಲು ಸಲಹೆಗಾರರ ದಂಡೇ ಇರುತ್ತದೆ. ಹನ್ನೆರಡು ಜನ ಕೆಲಸಗಾರರಿರುವ ನನ್ನಂಥವನು ಯಾರನ್ನು ಕೇಳಬೇಕು? ರಾತ್ರಿ ಊಟವಾದ ಮೇಲೆ ಹೆಂಡತಿಯನ್ನು ಕೇಳುತ್ತೇನೆ. ಅವಳು ನಿಮಗೆ ತೋಚಿದಂತೆ ಮಾಡಿ ಅನ್ನುತ್ತಾಳೆ. ನನಗೆ ಏನೂ ತೋಚಿರುವುದಿಲ್ಲ. ಹೊಸ ಮೆಷಿನ್‌ಗೆ ಸಾಲ ತೆಗೆಯಲೋ ಬೇಡವೋ ಎಂದು ಆರು ತಿಂಗಳಿಂದ ನಿದ್ದೆಗೆಟ್ಟಿದ್ದೇನೆ.’

ಈ ಪತ್ರ ಓದಿ ನಗು ಬಂತು, ಆಮೇಲೆ ನಗು ನಿಂತಿತು. ಏಕೆಂದರೆ ಇದೇ ಪ್ರಶ್ನೆಯನ್ನು ನಾನು ಅರಸೀಕೆರೆ ಕಡೆಯ ಒಂದು ಮನೆಯ ಅಟ್ಟದ ಕೆಳಗೆ ಕೂತು ಕೇಳಿದ್ದೇನೆ. ಲೆಕ್ಕಪತ್ರದ ವಿದ್ಯೆ ನನಗೆ ಅಷ್ಟಾಗಿ ತಿಳಿಯದು. ಆದರೆ ಆ ಅಟ್ಟದ ಕಥೆ ಗೊತ್ತು. ಅದನ್ನೇ ಹೇಳುತ್ತೇನೆ.

ತೆಂಗಿನ ಸೀಮೆಯವರಲ್ಲದವರಿಗೆ ಮೊದಲು ಒಂದು ಮಾತು. ಮರದಲ್ಲಿರುವ ಕಾಯಿ ಒಂದೇ, ಆದರೆ ಅದನ್ನು ಮಾರುವ ಕಾಲ ಮೂರು. ಆರೇಳು ತಿಂಗಳಿಗೆ ಕಿತ್ತರೆ ಎಳನೀರು. ಮದ್ದೂರಿನ ಮಾರುಕಟ್ಟೆಗೋ ಊರ ಹೆದ್ದಾರಿಗೋ ಹೋಗುತ್ತದೆ. ವರ್ಷ ತುಂಬಲು ಬಿಟ್ಟರೆ ಕಾಯಿ. ಸಾರಿಗೆ, ಚಟ್ನಿಗೆ, ದೇವರಿಗೆ ಆಗುತ್ತದೆ. ಕಿತ್ತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಮತ್ತೆ ಹತ್ತು ಹನ್ನೊಂದು ತಿಂಗಳು ಕಾದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗಿ ಅಲ್ಲಾಡುತ್ತದೆ. ಅದೇ ಉಂಡೆ ಕೊಬ್ಬರಿ. ತಿಪಟೂರು, ಅರಸೀಕೆರೆಯ ಮಂಡಿಗಳಿಂದ ಅದು ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶಗಳಿಗೆ ಹೋಗಿ ಅಲ್ಲಿನ ಹಬ್ಬ ಮದುವೆಗಳಲ್ಲಿ ಒಣಹಣ್ಣುಗಳ ಸಾಲಿನಲ್ಲಿ ಕೂರುತ್ತದೆ. ಒಂದು ಕ್ವಿಂಟಾಲ್ ಕೊಬ್ಬರಿಗೆ ಆರೇಳುನೂರು ಕಾಯಿ ಬೇಕು. ಕಾಯಿ ಸಣ್ಣದಾದರೆ ಇನ್ನೂ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಳನೀರು ಕಿತ್ತರೆ ಆ ಕಾಯಿ ಕೊಬ್ಬರಿಯಾಗುವ ಮಾತೇ ಇಲ್ಲ. ಅಟ್ಟಕ್ಕೆ ಹಾಕಿದರೆ ಬಂಡವಾಳ ಒಂದು ವರ್ಷ ಕತ್ತಲಲ್ಲಿ ಮಲಗುತ್ತದೆ. ಮುಂದಿನ ವರ್ಷದ ಧಾರಣೆ ಯಾರಿಗೂ ಗೊತ್ತಿಲ್ಲ. ದೊಡ್ಡ ಕಂಪನಿಗಳು ‘ಕಾರ್ಯತಂತ್ರ’ ಎಂಬ ಭಾರೀ ಹೆಸರಿಟ್ಟು ಮಾಡುವ ಕೆಲಸವನ್ನು ನಮ್ಮ ಸೀಮೆಯವರು ಪ್ರತಿ ಕೊಯ್ಲಿಗೂ, ಬನಿಯನ್ನಿನಲ್ಲಿ ನಿಂತು ಮಾಡುತ್ತಾರೆ.

ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಎಂದೇ ಕರೆಯುವವನು, ಹೀಗೆ ಕಾಯಿ ಕೊಂಡು ಅಟ್ಟಕ್ಕೆ ತುಂಬಿ, ಸುಲಿಸಿ, ಒಡೆಸಿ, ಕೊಬ್ಬರಿ ಮಾಡಿ ಮಂಡಿಗೆ ಹಾಕುವ ವ್ಯಾಪಾರಿ. ಸ್ವಂತ ತೋಟ ಸ್ವಲ್ಪ, ಕೊಂಡ ಕಾಯಿ ಜಾಸ್ತಿ. 2023ರಲ್ಲಿ ಅವನ ಕೈಯಲ್ಲಿ ಎಪ್ಪತ್ತು ಸಾವಿರ ಕಾಯಿ ಇತ್ತು. ಆಗ ಮಂಡಿಯ ಧಾರಣೆ ಕ್ವಿಂಟಾಲಿಗೆ 8,000 ರೂಪಾಯಿಯ ಆಸುಪಾಸು. ಕೇಂದ್ರ ಸರ್ಕಾರದ ಬೆಂಬಲ ಬೆಲೆ 11,750. ರಾಜ್ಯ ಸರ್ಕಾರ ಅದರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನವನ್ನೂ ಘೋಷಿಸಿತು. ಆದರೆ ಬೆಂಬಲ ಬೆಲೆಯ ಖರೀದಿ ರೈತರಿಗೆ. ಹೆಸರು ನೋಂದಾಯಿಸಿ ಸರದಿ ಕಾಯಬೇಕು. ಕೊಂಡ ಕಾಯಿಗೆ, ವ್ಯಾಪಾರಿಗೆ ಆ ಬಾಗಿಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಊರಿಗೆ ಬಂದ. ಕೈಯಲ್ಲಿ ಲ್ಯಾಪ್‌ಟಾಪು, ಅದರಲ್ಲಿ ಬಣ್ಣಬಣ್ಣದ ಯೋಜನೆ. ‘ಅಪ್ಪ, ಕೊಬ್ಬರಿ ಮಾರುವುದು ಬಿಡೋಣ. ಎಣ್ಣೆ ಮಾಡೋಣ, ಕಾಯಿಪುಡಿ ಮಾಡೋಣ. ಅರವತ್ತು ಲಕ್ಷದ ಯಂತ್ರ. ಬ್ಯಾಂಕು ಸಾಲ ಕೊಡುತ್ತದೆ. ಕಾಯಿ ಇಷ್ಟು ಅಗ್ಗವಾಗಿರುವಾಗ ಕಾರ್ಖಾನೆ ಹಾಕದೆ ಇನ್ಯಾವಾಗ ಹಾಕುವುದು?’ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಾಯಿಯ ಬೆಲೆ ಹಾಗೆಯೇ ಇದ್ದರೆ ನಾಲ್ಕು ವರ್ಷದಲ್ಲಿ ಸಾಲ ತೀರುತ್ತಿತ್ತು.

ಅಣ್ಣ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮಗನನ್ನು ಕೇಳಿದ್ದು ಲಾಭದ ಮಾತಲ್ಲ. ‘ನೋಡಪ್ಪ, ಇದು ಕೆಟ್ಟರೆ ಏನೇನು ಹೋಗುತ್ತೆ, ಬರಿ.’

ಮಗ ಬರೆದ. ಅಟ್ಟದ ಕಾಯಿ ಪೂರ್ತಿ ಹೋದರೂ ಆಗಿನ ಧಾರಣೆಯಲ್ಲಿ ಎಂಟು ಲಕ್ಷ. ನೋವಾಗುತ್ತದೆ, ಮನೆ ನಿಲ್ಲುತ್ತದೆ. ಯಂತ್ರ ಕೆಟ್ಟರೆ ಅರವತ್ತು ಲಕ್ಷ, ಅಂದರೆ ತೋಟ, ಅಟ್ಟ, ಮನೆ, ತಂಗಿಯ ಮದುವೆ. ಹಾಳೆಯ ಮೇಲೆ ಎರಡು ಸಾಲು. ಮಗ ಲ್ಯಾಪ್‌ಟಾಪು ಮುಚ್ಚಿದನಂತೆ. ಅತ್ತಿಗೆ ಹೇಳಿದ್ದು.

ಅಣ್ಣ ಮಾಡಿದ ಈ ಕೆಲಸಕ್ಕೆ ವಿಶ್ವವಿದ್ಯಾಲಯಗಳಲ್ಲಿ ಒಂದು ಹೆಸರಿದೆ ಎಂಬುದು ಅವನಿಗೆ ಗೊತ್ತಿಲ್ಲ. ಭಾರತ ಮೂಲದ ಸರಸ್ ಸರಸ್ವತಿ ಎಂಬ ವಿದ್ವಾಂಸೆ ಅಮೆರಿಕದಲ್ಲಿ 27 ಜನ ನುರಿತ ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ಉದ್ಯಮದ ಸಮಸ್ಯೆಗಳನ್ನಿಟ್ಟು, ಅವರು ಹೇಗೆ ಯೋಚಿಸುತ್ತಾರೆಂಬುದನ್ನು ಅವರ ಬಾಯಿಂದಲೇ ಹೇಳಿಸಿ ಅಭ್ಯಾಸ ಮಾಡಿದರು. 2001ರಲ್ಲಿ ತಮ್ಮ ವಿಚಾರವನ್ನು ಪ್ರಕಟಿಸಿದರು. ಪಳಗಿದ ಉದ್ಯಮಿ ‘ಎಷ್ಟು ಲಾಭ ಬರಬಹುದು’ ಎಂಬಲ್ಲಿಂದ ಶುರುಮಾಡುವುದಿಲ್ಲ. ‘ಎಷ್ಟು ಕಳೆದುಕೊಂಡರೆ ನಾನು ತಾಳಿಕೊಳ್ಳಬಲ್ಲೆ’ ಎಂಬಲ್ಲಿಂದ ಶುರುಮಾಡುತ್ತಾನೆ. ಬೇಕಾದ ಅಡುಗೆಯ ಪಟ್ಟಿ ಬರೆದು ಸಾಮಾನು ಹುಡುಕಲು ಹೊರಡುವ ಬದಲು, ಡಬ್ಬದಲ್ಲಿ ಏನಿದೆ ನೋಡಿ ಅಡುಗೆ ಮಾಡುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದ ಯಾವ ಮನೆಯ ಹೆಣ್ಣುಮಗಳಿಗೂ ಇದು ಹೊಸ ಸಂಗತಿಯಲ್ಲ. ಸರಸ್ವತಿಯವರ ಗುರು ಹರ್ಬರ್ಟ್ ಸೈಮನ್. ಮನುಷ್ಯ ಎಲ್ಲವನ್ನೂ ತೂಗಿ ಅತ್ಯುತ್ತಮವನ್ನೇ ಆರಿಸಲಾರ, ಸಾಕೆನಿಸುವಷ್ಟು ಒಳ್ಳೆಯದು ಸಿಕ್ಕಾಗ ನಿಲ್ಲುತ್ತಾನೆ ಎಂದು ಹೇಳಿದವರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮಲ್ಲೇ ಉದಾಹರಣೆ ಬೇಕೆಂದರೆ ಬೆಂಗಳೂರಿನ ಎಂ.ಟಿ.ಆರ್. ಇದೆ. 1924ರಲ್ಲಿ ಶುರುವಾದ ಹೋಟೆಲು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ಇದ್ದ ರವೆಯಲ್ಲೇ ಇಡ್ಲಿ ಮಾಡಿದೆವೆಂದು ಅವರು ಹೇಳಿಕೊಳ್ಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಕಟ್ಟಿಹಾಕಿ ಹೋಟೆಲು ನಡೆಸುವುದೇ ನಷ್ಟವಾದಾಗ, ಪುಡಿ ಮತ್ತು ದಿಢೀರ್ ತಿಂಡಿಯ ಮಿಶ್ರಣಗಳ ಕಡೆ ತಿರುಗಿದರು. ಆ ಪೊಟ್ಟಣಗಳ ವ್ಯಾಪಾರವೇ ಬೆಳೆದು 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. 1924ರಲ್ಲಿ ಕೂತು ಇದನ್ನು ಯಾರು ಯೋಜಿಸಲು ಸಾಧ್ಯವಿತ್ತು?

ಸರಿ, ಅಣ್ಣ ಏನು ಮಾಡಿದ? ಸ್ವಲ್ಪ ಕಾಯನ್ನು ಕಾಯಾಗಿಯೇ ಮಾರಿ ಕೂಲಿ ಮತ್ತು ಬಡ್ಡಿ ತೀರಿಸಿದ. ಉಳಿದದ್ದನ್ನು ಅಟ್ಟಕ್ಕೆ ಹಾಕಿದ. ಮಗನಿಗೆ, ‘ಯಂತ್ರ ಬೇಡ, ಎಣ್ಣೆ ಬೇಕಾದರೆ ಮಾಡು. ಯಾರದೋ ಗಾಣದಲ್ಲಿ ಕೂಲಿ ಕೊಟ್ಟು ಆಡಿಸಿಕೊಂಡು ಹೋಗಿ ಮಾರು ನೋಡಾಣ’ ಅಂದ. ಮಗ ಬೆಂಗಳೂರಿನಲ್ಲಿ ನಲವತ್ತು ಮನೆ ಹಿಡಿದ. ತಿಂಗಳಿಗೊಮ್ಮೆ ಎಣ್ಣೆ ತಲುಪಿಸಿದ. ಯಾವ ಮನೆ ಎರಡನೆಯ ಸಲ ಕೇಳಿತು, ಯಾವುದು ಕೇಳಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

2024ರ ದೀಪಾವಳಿಯ ಹೊತ್ತಿಗೆ ಧಾರಣೆ ಏರಿ, ಆ ವರ್ಷದ ಬೆಂಬಲ ಬೆಲೆಯಾದ 12,000ವನ್ನೂ ದಾಟಿತು. ಅಣ್ಣ ಅಟ್ಟ ಖಾಲಿ ಮಾಡಿದ. ಮಗಳ ಮದುವೆ ಗೊತ್ತಾಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2025ರ ಬೇಸಿಗೆ ಕಳೆಯುವಷ್ಟರಲ್ಲಿ ಧಾರಣೆ 25,000 ದಾಟಿತು! 2023ರ ಬರದ ಹೊಡೆತ, ಬಿಳಿ ನೊಣದ ಕಾಟ, ಎಳನೀರಿಗೇ ಹೆಚ್ಚು ಕಾಯಿ ಹೋದದ್ದು, ಎಲ್ಲ ಸೇರಿ ಅಟ್ಟಕ್ಕೆ ಬರಬೇಕಾದ ಕಾಯಿಯೇ ಕಡಿಮೆಯಾಗಿತ್ತು. ಊರಿನಲ್ಲಿ ಅಣ್ಣನನ್ನು ಕಂಡವರೆಲ್ಲ ‘ಏನ್ ಸಾವ್ಕಾರ್ರೇ, ಆರು ತಿಂಗಳು ತಡೀಬಾರದಿತ್ತಾ?’ ಎಂದು ಕೇಳತೊಡಗಿದರು. ಅಣ್ಣ ಹಣೆ ಹಣೆ ಚಚ್ಚಿಕೊಂಡ. ಊಟ ಬಿಟ್ಟ. ‘ನಾನೊಬ್ಬ ದಡ್ಡ’ ಎಂದು ಫೋನಿನಲ್ಲಿ ನನ್ನ ಹತ್ತಿರವೂ ಹೇಳಿಕೊಂಡ.

ಅತ್ತಿಗೆ ಕೊಟ್ಟ ಉತ್ತರವನ್ನು ಪೀಣ್ಯದ ಗೆಳೆಯರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು. ‘ಮಾರುವಾಗ ನಿಮಗೆ ಗೊತ್ತಿದ್ದದ್ದು ಏನು, ಅಷ್ಟನ್ನೇ ಹೇಳಿ. ಮದುವೆ ಗೊತ್ತಿತ್ತು. ಧಾರಣೆ ಚೆನ್ನಾಗಿತ್ತು. ನಾಳೆ ಬಿದ್ದರೂ ಬೀಳಬಹುದಿತ್ತು. ಸಾಲವಿಲ್ಲದೆ ಮಗಳು ಮನೆ ಸೇರಿದಳು. ಇನ್ನೇನು ಬೇಕಿತ್ತು?’

ಫಲ ನೋಡಿ ತೀರ್ಮಾನವನ್ನು ಅಳೆಯುವುದು ನಮ್ಮೆಲ್ಲರ ಚಾಳಿ. ಕೆಟ್ಟ ತೀರ್ಮಾನವೂ ಅದೃಷ್ಟದಿಂದ ಗೆಲ್ಲುತ್ತದೆ. ಗೆದ್ದವನು ಅದನ್ನೇ ಪಾಠವೆಂದು ನಂಬಿ ಮುಂದಿನ ಸಲ ಮನೆ ಅಡವಿಡುತ್ತಾನೆ. ಒಳ್ಳೆಯ ತೀರ್ಮಾನವೂ ಸೋಲುತ್ತದೆ. ಸೋತವನು ತನ್ನ ಒಳ್ಳೆಯ ಪದ್ಧತಿಯನ್ನೇ ಬಿಡುತ್ತಾನೆ. ಎರಡೂ ದುಬಾರಿ. ಅದಕ್ಕೇ ದೊಡ್ಡದೊಂದು ತೀರ್ಮಾನ ಮಾಡುವ ದಿನ, ಏಕೆ ಮಾಡಿದೆ ಎಂದು ಡೈರಿಯಲ್ಲಿ ನಾಲ್ಕು ಸಾಲು ಬರೆದಿಡಿ. ಮುಂದೊಂದು ದಿನ ನಿಮ್ಮನ್ನು ನೀವೇ ಬೈದುಕೊಳ್ಳುವಾಗ ಆ ನಾಲ್ಕು ಸಾಲು ನಿಮ್ಮ ಪರ ಸಾಕ್ಷಿ ಹೇಳುತ್ತವೆ, ಅಥವಾ ವಿರುದ್ಧ.

ಅರವತ್ತು ಲಕ್ಷದ ಯಂತ್ರ ಏನಾಗುತ್ತಿತ್ತು? ಕೊಬ್ಬರಿ ಮೂರು ಪಟ್ಟಾದಾಗ ಎಣ್ಣೆಯ ಬೆಲೆಯೂ ಏರಿತು. ನಲವತ್ತು ಮನೆಯಲ್ಲಿ ಅರ್ಧದಷ್ಟು ‘ಸದ್ಯಕ್ಕೆ ಬೇಡ’ ಅಂದವು. ಮಗ ಕೆಲವು ತಿಂಗಳು ಸುಮ್ಮನೆ ಕೂತ. ನಷ್ಟವೆಂದರೆ ಅಚ್ಚುಹಾಕಿಸಿದ್ದ ಲೇಬಲ್ಲು ಮಾತ್ರ. ಸಾಲವಿದ್ದಿದ್ದರೆ ಬ್ಯಾಂಕಿನ ಕಂತು ಸುಮ್ಮನೆ ಕೂರುತ್ತಿರಲಿಲ್ಲ. ಮಾರುವವನನ್ನು ಎತ್ತಿದ ಧಾರಣೆಯೇ ಕೊಳ್ಳುವವನನ್ನು ಮುಳುಗಿಸುತ್ತದೆ. ಎಣ್ಣೆ ಮಾಡುವವನು ಕೊಬ್ಬರಿ ಕೊಳ್ಳುವವನು ಎಂಬುದನ್ನು ಆ ಬಣ್ಣಬಣ್ಣದ ಯೋಜನೆ ಒಂದು ಸಾಲಿನಲ್ಲೂ ಹೇಳಿರಲಿಲ್ಲ.

ಹಾಗಾದರೆ ಸಾಲವೇ ಬೇಡವೆ? ಹಾಗಲ್ಲ. ಎಂದೂ ಸಾಲ ಮಾಡದವನು ಎಂದೂ ಬೆಳೆಯದೆಯೂ ಹೋಗಬಹುದು. ಪೀಣ್ಯದ ಗೆಳೆಯರು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಮೊದಲನೆಯದು ಅಣ್ಣನದು: ಇದು ಕೆಟ್ಟರೆ ಏನೇನು ಹೋಗುತ್ತದೆ? ಎರಡನೆಯದು: ಹಿಂದಿರುಗುವ ದಾರಿ ಇದೆಯೆ? ಆ ಮೆಷಿನ್ನಿನ ಕೆಲಸವನ್ನು ಆರು ತಿಂಗಳು ಹೊರಗೆ ಕೂಲಿಗೆ ಮಾಡಿಸಿ ಗಿರಾಕಿ ನಿಲ್ಲುತ್ತಾನೋ ಎಂದು ನೋಡಬಹುದೆ? ಮೂರನೆಯದು: ದುಡ್ಡು ಕೈಗೆ ಯಾವಾಗ ಬರುತ್ತದೆ? 2006ರ ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಗಳಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಜನಕ್ಕಿದೆ? ಆದ್ದರಿಂದ ಒಬ್ಬನೇ ಗಿರಾಕಿಯನ್ನು ನಂಬಿ ಮೆಷಿನ್ ತರುವುದಾದರೆ, ನೀವು ತರುತ್ತಿರುವುದು ಮೆಷಿನ್ನಲ್ಲ, ಯಜಮಾನನನ್ನು.

ಮೊನ್ನೆ ಹಳೇಬೀಡಿನಲ್ಲಿ ನೆಂಟರ ಮನೆಯ ಕಾರ್ಯಕ್ಕೆ ಅಣ್ಣ, ಅತ್ತಿಗೆಯ ಜೊತೆ ಹೋಗಿದ್ದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ, ಮೇಲೆ ಲಾಡ್ಜು ಕಟ್ಟಲೋ ಬೇಡವೋ ಎಂದು ಅಲ್ಲಿನ ಹೋಟೆಲಿನವರೊಬ್ಬರಿಗೂ ಇದೇ ಚಿಂತೆ. ‘ಮೊದಲು ಪಕ್ಕದ ಮನೆಯ ಎರಡು ರೂಮು ಬಾಡಿಗೆಗೆ ಹಿಡಿದು ನೋಡಿ’ ಎಂದು ಅಣ್ಣ ಸಲಹೆ ಕೊಟ್ಟ. ಕೇಳಿ ನನಗೆ ಸಂತೋಷವಾಯಿತು. ಊಟ ಬಿಟ್ಟವನು ಈಗ ಸಲಹೆಗಾರನಾಗಿದ್ದ.

ಊಟವಾದ ಮೇಲೆ ಹುಲಿಕೆರೆಗೆ ಹೋದೆವು. ಹೊಯ್ಸಳರ ಕಾಲದ ಆ ಕೊಳದ ಸುತ್ತ ಪುಟ್ಟ ಪುಟ್ಟ ಗುಡಿಗಳು, ಒಳಗೆ ಇಳಿದುಹೋಗುವ ಮೆಟ್ಟಿಲುಗಳು. ಅಣ್ಣ ಒಂದು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದ. ‘ನೀರು ಎಲ್ಲಿಗೆ ನಿಲ್ಲುತ್ತೆ ಅಂತ ಕಟ್ಟಿದವನಿಗೆ ಗೊತ್ತಿರಲಿಲ್ಲ ಕಣೋ. ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ಎಲ್ಲಿ ನಿಂತರೂ ಕೊಡ ಮುಳುಗಿಸಕ್ಕಾಗೋ ಹಾಗೆ ಮೆಟ್ಟಿಲು ಕಟ್ಟಿಬಿಟ್ಟ.’

‘ನಡೀರಿ, ಕತ್ತಲಾಗುತ್ತೆ’ ಎಂದರು ಅತ್ತಿಗೆ. ‘ನಾಳೆ ಬೆಳಗ್ಗೆ ಕಾಯಿ ಸುಲಿಯೋರು ಬರ್ತಾರೆ.’